ಲೈನ್‌ಮನೆಯವರಿಗೆ ರೇಷನ್ ಇಲ್ಲೇ ಸಿಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಕಡೆಯ ತೋಟಗಳ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆ) ಕಾಫಿ ಕೊಯ್ಲಿಗೆ ರಾಯಚೂರು, ಕೊಪ್ಪಳದಿಂದ ಬಂದವರಿದ್ದಾರೆ, ಅಸ್ಸಾಂನವರೂ ಇದ್ದಾರೆ. ರೇಷನ್ ಕಾರ್ಡ್ ಅವರ ಊರಿನದು. ಅಕ್ಕಿಯನ್ನು ಪೂರ್ತಿ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದಾರೆ. ಇಲ್ಲಿ ಹೊಸ ಕಾರ್ಡ್ ಮಾಡಿಸಬೇಕೇ? ಕೆಲವರ ಬೆರಳಚ್ಚು ರೇಷನ್ ಅಂಗಡಿಯ ಯಂತ್ರಕ್ಕೆ ಹತ್ತುತ್ತಿಲ್ಲ. ಪುಟ್ಟ ಮಕ್ಕಳು, ಒಬ್ಬ ಗರ್ಭಿಣಿಯೂ ಇದ್ದಾರೆ.

ಉತ್ತರ 1: ಹೊಸ ಕಾರ್ಡ್‌ಗೆ ಕೈ ಹಾಕಬೇಡಿ. ಎರಡು ಕಡೆ ಹೆಸರಿದ್ದರೆ ಆಧಾರ್ ಅದನ್ನು ಹಿಡಿಯುತ್ತದೆ, ಇದ್ದದ್ದೂ ರದ್ದಾಗಬಹುದು. ರಾಯಚೂರಿನ ಬಿಪಿಎಲ್ ಕಾರ್ಡ್‌ಗೆ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯಬಹುದು. ಕಾರ್ಡ್ ನಂಬರ್, ಆಧಾರ್ ಹಿಡಿದು ಹೋದರೆ ಸಾಕು. ಹೆಬ್ಬೆಟ್ಟು ಕೊಡಲು ಕಾರ್ಡ್‌ನಲ್ಲಿರುವ ಯಾರಾದರೂ ಒಬ್ಬರು ಸಾಕು, ಯಜಮಾನಿಯೇ ಬರಬೇಕೆಂದಿಲ್ಲ.

ಅಸ್ಸಾಂನವರಿಗೆ, ಒಂದು ರಾಜ್ಯದ ಕಾರ್ಡ್‌ಗೆ ಇನ್ನೊಂದು ರಾಜ್ಯದಲ್ಲಿ ರೇಷನ್ ಕೊಡುವ 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆ ಅನ್ವಯಿಸುತ್ತದೆ. ಆ ರಾಜ್ಯ 2022ರ ಜೂನ್‌ನಲ್ಲಿ ಕೊನೆಯದಾಗಿ ಸೇರಿಕೊಂಡಿತು. ಅವರಿಗೆ ಕೇಂದ್ರದ ಪಾಲು, ಅಂದರೆ ತಲೆಗೆ ತಿಂಗಳಿಗೆ 5 ಕೆ.ಜಿ., ಉಚಿತವಾಗಿ ಸಿಗುತ್ತದೆ. ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡ್ ಆದರೆ ಮನೆಗೆ 35 ಕೆ.ಜಿ. ಕರ್ನಾಟಕ ತನ್ನದಾಗಿ ಕೊಡುವ ಹೆಚ್ಚುವರಿ ಅವರಿಗೆ ಬರುವುದಿಲ್ಲ. ಇದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ಅಂಗಡಿಯವರು ಮೋಸ ಮಾಡಿದರೆಂದು ಜಗಳ ಹತ್ತುತ್ತದೆ.

ಎಡವುವ ಜಾಗ ಇನ್ನೊಂದಿದೆ: ಊರಲ್ಲಿ ಉಳಿದವರು ಇಡೀ ಮನೆಯ ಪಾಲನ್ನು ಎತ್ತಿಬಿಟ್ಟಿರುತ್ತಾರೆ, ಇಲ್ಲಿ ಯಂತ್ರ ಸೊನ್ನೆ ತೋರಿಸುತ್ತದೆ. ಅಲ್ಲಿನವರು ತಮ್ಮ ಪಾಲನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಬಿಡಲಿ. ಸಂಶಯವಿದ್ದರೆ ಈ ಯೋಜನೆಯ ಸಹಾಯವಾಣಿ 14445ಕ್ಕೆ ಕರೆ ಮಾಡಿ.

ಉತ್ತರ 2: ಬೆರಳಚ್ಚಿನ ವಿಷಯಕ್ಕೆ. ಹಣ್ಣು ಕೊಯ್ದ ಕೈಗೆ ಅಂಟು, ಕಲೆ, ಗೀರು ಇರುತ್ತವೆ, ಗೆರೆಯೂ ಸವೆದಿರುತ್ತದೆ. ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ, ಹೆಬ್ಬೆರಳೊಂದನ್ನೇ ಒತ್ತುತ್ತಾ ಕೂರದೆ ಬೇರೆ ಬೆರಳು ನೋಡಿ. ಆಗಲೂ ಹತ್ತದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ತರಿಸುವ ಆಯ್ಕೆ ಕೇಳಿ. ಇದೇ ಕಾರಣಕ್ಕೆ ಹಳೆಯ, ಕಳೆದುಹೋದ ಸಿಮ್ ಜೋಡಿಸಿಕೊಂಡವರು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳಲೇಬೇಕು, ಬೆರಳಚ್ಚನ್ನೂ ಅಲ್ಲೇ ಹೊಸದಾಗಿ ಕೊಡಬಹುದು.

ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಖಾತರಿ, ಮನೆಯಲ್ಲಿ ಐದು ವರ್ಷ ದಾಟಿದ ಪ್ರತಿಯೊಬ್ಬರದ್ದೂ ಆಗಬೇಕು. ಮಕ್ಕಳ ಆಧಾರ್‌ಗೆ 5 ಮತ್ತು 15ನೇ ವಯಸ್ಸಿನಲ್ಲಿ ಬೆರಳಚ್ಚು ಸೇರಿಸದಿದ್ದರೆ ಅವರದು ನಿಂತುಬಿಡುತ್ತದೆ. ಆರು ತಿಂಗಳು ರೇಷನ್ ಎತ್ತದ ಕಾರ್ಡ್ ಅಮಾನತಾಗುವ ನಿಯಮವೂ 2025ರಲ್ಲಿ ಬಂದಿದೆ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲಿಗೆ ಬಂದು ರೊಬಸ್ಟಾ ಮುಗಿಸಿ ಮಾರ್ಚ್ ಹೊತ್ತಿಗೆ ಊರಿಗೆ ತಿರುಗುವವರು ಇಲ್ಲೂ ಎತ್ತದೆ, ಊರಿಗೆ ಹೋದ ಮೇಲೂ ತಡಮಾಡಿದರೆ ಇದು ನಿಜವಾದ ಅಪಾಯ.

ಉತ್ತರ 3: ಗರ್ಭಿಣಿಗೂ ಮಕ್ಕಳಿಗೂ ರೇಷನ್ ಕಾರ್ಡ್‌ವರೆಗೆ ಕಾಯಬೇಡಿ, ಈ ವಾರವೇ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ. ಅದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. 6 ತಿಂಗಳಿಂದ 3 ವರ್ಷದವರಿಗೆ ಮನೆಗೆ ಒಯ್ಯುವ ಆಹಾರ, 3ರಿಂದ 6 ವರ್ಷದವರಿಗೆ ಅಲ್ಲೇ ಬಿಸಿಯೂಟ. ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ. ಗರ್ಭಿಣಿಯರಿಗೆ ಆರೋಗ್ಯ ಇಲಾಖೆ ಕೊಡುವ 'ತಾಯಿ ಕಾರ್ಡ್' ಆಕೆಯ ಜೊತೆಗಿರಲಿ. ಊರಿನ ಅಂಗನವಾಡಿಯಲ್ಲಿ ಮೊದಲೇ ಹೆಸರಿದ್ದರೆ ಅಲ್ಲಿಂದ ವರ್ಗಾಯಿಸಿಕೊಳ್ಳಲು ಇಲ್ಲಿನ ಕಾರ್ಯಕರ್ತೆಗೆ ಹೇಳಿ.

ಉತ್ತರ 1: ಒಂದು ಸೇರಿಸುತ್ತೇನೆ. ಅಂಗಡಿಗೆ ದಾಸ್ತಾನು ಬರುವುದು ಅಲ್ಲಿನ ಕಾರ್ಡ್‌ಗಳ ಲೆಕ್ಕಕ್ಕೆ. ಕೊಯ್ಲಿನಲ್ಲಿ ಹೊರಗಿನ ಐವತ್ತು ಮನೆ ಒಮ್ಮೆಗೇ ಬಂದರೆ ಅಕ್ಕಿ ಮುಗಿಯುತ್ತದೆ, ಸ್ಥಳೀಯರೂ ಬೇಸರಪಡುತ್ತಾರೆ. ತೋಟದ ಮಾಲೀಕರು ಅಥವಾ ಮೇಸ್ತ್ರಿ ತಿಂಗಳು ಶುರುವಾಗುವ ಮೊದಲೇ ಎಷ್ಟು ಕಾರ್ಡ್, ಎಷ್ಟು ತಲೆ ಎಂದು ಪಟ್ಟಿ ಬರೆದು ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಕೊಡಲಿ, ಸ್ವೀಕೃತಿ ಹಾಕಿಸಿಕೊಳ್ಳಲಿ. 'ಹೊರಗಿನ ಕಾರ್ಡ್‌ಗೆ ಕೊಡುವುದಿಲ್ಲ' ಎಂದರೆ ಅಂಗಡಿ ಸಂಖ್ಯೆ, ದಿನಾಂಕ ಬರೆದುಕೊಂಡು ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ದೂರು ಕೊಡಿ.