ಬೈಪಿರಿಡೀನ್ ಬೆರೆಸಿದ ದ್ರವ ಸ್ಫಟಿಕ ಒಂದೇ ತಾಪದಲ್ಲಿ ತಿಳಿಯಾಗುತ್ತಿಲ್ಲ, ಯಾಕೆ?

ಪ್ರಶ್ನೆ:
ಆಮ್ಲವನ್ನೂ ಬೈಪಿರಿಡೀನನ್ನೂ ಹೈಡ್ರೋಜನ್ ಬಂಧದಿಂದ ಜೋಡಿಸಿ ದ್ರವ ಸ್ಫಟಿಕ (ಹರಿಯುತ್ತಿದ್ದರೂ ಅಣುಗಳು ಸಾಲಾಗಿ ನಿಲ್ಲುವ ಸ್ಥಿತಿ) ಮಾಡುತ್ತಿದ್ದೇನೆ. 4-ಆಕ್ಟೈಲಾಕ್ಸಿ ಬೆಂಜೋಯಿಕ್ ಆಮ್ಲ 500.7 ಮಿ.ಗ್ರಾಂ, 4,4'-ಬೈಪಿರಿಡೀನ್ 156.2 ಮಿ.ಗ್ರಾಂ. ಅಂದರೆ ಮೋಲ್ ಲೆಕ್ಕದಲ್ಲಿ 2:1. ಟಿಎಚ್‌ಎಫ್‌ ಎಂಬ ದ್ರಾವಕದಲ್ಲಿ ಕರಗಿಸಿ ಆರಿಸಿದ್ದು. ಪೋಲರೈಸಿಂಗ್ ಮೈಕ್ರೋಸ್ಕೋಪಿನಡಿ ಬಿಸಿ ಮಾಡಿದರೆ ಸುಮಾರು 10 ಡಿಗ್ರಿಯುದ್ದಕ್ಕೂ ಕಪ್ಪು ತೇಪೆ (ತಿಳಿ ದ್ರವವಾದದ್ದು), ಹೊಳೆಯುವ ತೇಪೆ (ಇನ್ನೂ ದ್ರವ ಸ್ಫಟಿಕವಾಗಿರುವುದು) ಎರಡೂ ಒಟ್ಟಿಗೇ ಕಾಣುತ್ತವೆ. ಎರಡನೇ ಸಲ ಕಾಯಿಸಿದರೆ ತಾಪವೇ ಬೇರೆ. ಇನ್ನೊಂದು ಸಂಗತಿ: 3-ಆಕ್ಟೈಲಾಕ್ಸಿ ಆಮ್ಲ ಬಳಸಿದರೆ ದ್ರವ ಸ್ಫಟಿಕವೇ ಬರುತ್ತಿಲ್ಲ. ಹೈಡ್ರೋಜನ್ ಬಂಧ ಅಲ್ಲೂ ಇದೆಯಲ್ಲ?

ಉತ್ತರ 1:
ಮೊದಲು ಬೈಪಿರಿಡೀನ್ ಡಬ್ಬಿಯ ಲೇಬಲ್ ಓದಿ ಸರ್. ಡೈಹೈಡ್ರೇಟ್ (ಪ್ರತಿ ಅಣುವಿನ ಜೊತೆ ಎರಡು ನೀರಿನ ಅಣು ಇರುವುದು) ಆಗಿದ್ದರೆ ಅಣುತೂಕ 156.2 ಅಲ್ಲ, 192.2. ಆಗ ನೀವು ಹಾಕಿದ್ದು 1 ಮಿಲಿಮೋಲ್ ಅಲ್ಲ, 0.81. ಆಮ್ಲದಲ್ಲಿ ಸುಮಾರು 19% ಜೊತೆ ಸಿಗದೆ ಉಳಿದು, ತಮ್ಮತಮ್ಮಲ್ಲೇ ಕೈಹಿಡಿದು ಡೈಮರ್ ಆಗುತ್ತದೆ. ಆ ಡೈಮರ್ ತಾನೇ ಒಂದು ದ್ರವ ಸ್ಫಟಿಕ: 101 ಡಿಗ್ರಿಗೆ ಸ್ಮೆಕ್ಟಿಕ್ ಸಿ (ಅಣುಗಳು ಪದರ ಪದರವಾಗಿ ಓರೆ ನಿಂತದ್ದು), 108ಕ್ಕೆ ನೆಮ್ಯಾಟಿಕ್ (ಪದರವಿಲ್ಲ, ದಿಕ್ಕು ಮಾತ್ರ ಒಂದೇ), 147ಕ್ಕೆ ತಿಳಿ. ಎರಡು ಬೆರೆತ ಮೇಲೆ ತೇಪೆ ಬಾರದೆ ಇರುತ್ತದೆಯೇ?

ಉತ್ತರ 2:
3-ಆಕ್ಟೈಲಾಕ್ಸಿ ವಿಷಯಕ್ಕೆ: ಬಂಧವೊಂದಿದ್ದರೆ ಸಾಲದು. 4ನೇ ಜಾಗದಲ್ಲಿದ್ದರೆ ಬಾಲ (ಆಕ್ಟೈಲಾಕ್ಸಿ ಸರಪಳಿ), ಉಂಗುರ, ಆಮ್ಲದ ತುದಿ ಎಲ್ಲ ಒಂದೇ ಗೆರೆಗೆ ಬಂದು, ಆಮ್ಲ–ಬೈಪಿರಿಡೀನ್–ಆಮ್ಲ ಸೇರಿ ನೀಳ ಕೋಲಾಗುತ್ತದೆ. 3ನೇ ಜಾಗದಲ್ಲಿದ್ದರೆ ಬಾಲ ಪಕ್ಕಕ್ಕೆ ಚಾಚುತ್ತದೆ. ನೆಟ್ಟನೆಯ ಸೌದೆಯನ್ನು ಹೊರೆ ಕಟ್ಟಬಹುದು, ಕವಲಿದ್ದದ್ದು ಕೂರುವುದಿಲ್ಲ. ಅನುಮಾನವಿದ್ದರೆ ಐಆರ್ (ಅವಕೆಂಪು ರೋಹಿತ) ತೆಗೆಯಿರಿ: ಆಮ್ಲ ಪಿರಿಡೀನಿನ ನೈಟ್ರೋಜನ್ನನ್ನು ಹಿಡಿದಿದ್ದರೆ 2500 ಮತ್ತು 1900 ಸೆಂ.ಮೀ⁻¹ ಆಸುಪಾಸಿನಲ್ಲಿ ಅಗಲವಾದ ಎರಡು ಪಟ್ಟೆ ಬರುತ್ತವೆ. ಎರಡೂ ಮಾದರಿಯಲ್ಲಿ ಅವು ಕಂಡರೆ ತಪ್ಪು ಬಂಧದ್ದಲ್ಲ, ಆಕಾರದ್ದು.

(ಕೋಲೇ ಆಗಬೇಕೆಂಬ ನಿಯಮವಿಲ್ಲ ಬಿಡಿ. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ.)

ಪ್ರಶ್ನೆ ಕೇಳಿದವರು:
ಲೇಬಲ್ ನೋಡಿದೆ, ಡೈಹೈಡ್ರೇಟೇ! 192.2 ಮಿ.ಗ್ರಾಂ ಹಾಕಿದ ಮೇಲೆ ತೇಪೆ 2 ಡಿಗ್ರಿಯೊಳಗೆ ಮುಗಿಯುತ್ತಿದೆ. ಎರಡನೇ ಸಲದ ವ್ಯತ್ಯಾಸ ಮಾತ್ರ ಹೋಗಿಲ್ಲ.

ಉತ್ತರ 1:
ಕವರ್ ಸ್ಲಿಪ್ ಅಂಚಿನಲ್ಲಿ ಬಿಳಿ ನವಿರು ಹರಳು ಕೂತಿದೆಯೇ ನೋಡಿ. ಬೈಪಿರಿಡೀನ್ ಆವಿಯಾಗಿ ಹೋಗುವ ವಸ್ತು, ತೆಳು ಪದರದಲ್ಲಿ ಬೇಗ ಖಾಲಿಯಾಗಿ ಮತ್ತೆ ಆಮ್ಲವೇ ಹೆಚ್ಚಾಗುತ್ತದೆ. ತಿಳಿಯಾದ ಮೇಲೆ ಇನ್ನೂ 5 ಡಿಗ್ರಿಗಿಂತ ಮೇಲೆ ಹೋಗಬೇಡಿ, ಅಲ್ಲಿ ನಿಲ್ಲಿಸಲೂಬೇಡಿ. ಆರಿಸುವಾಗ ಬಿಸಿ ಮಾಡಿ ಜೋರಾಗಿ ವ್ಯಾಕ್ಯೂಮ್ ಎಳೆದರೂ ಇದೇ ಗತಿ. ಡಿಎಸ್‌ಸಿ (ಕಾಯಿಸುವಾಗ ಮಾದರಿ ಹೀರುವ ಶಾಖದ ಅಳತೆ) ಮಾಡುವುದಾದರೆ ಮುಚ್ಚಳ ಒತ್ತಿ ಬಿಗಿದ ಪ್ಯಾನ್ ಬಳಸಿ.