ಏರ್ ಫಿಲ್ಟರ್ 10,000ಕ್ಕಾ, 40,000ಕ್ಕಾ? ನಿಮ್ಮ ಅನುಭವ ಹೇಳಿ

ಹೊಸಪೇಟೆ ಹುಡುಗ: ನನ್ನದು 2019ರ ಪೆಟ್ರೋಲ್ ಕಾರು, ದಿನಾ ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಬರುತ್ತೇನೆ. ಮ್ಯಾನ್ಯುಯಲ್‌ನಲ್ಲಿ ಏರ್ ಫಿಲ್ಟರ್ 40,000 ಕಿ.ಮೀ.ಗೆ ಅಂತಿದೆ. ಸರ್ವಿಸ್‌ನವರು ಪ್ರತಿ 10,000ಕ್ಕೂ ಬದಲಾಯಿಸಲೇಬೇಕು ಎನ್ನುತ್ತಾರೆ. ಆಯಿಲ್ ಫಿಲ್ಟರ್ ಪ್ರತಿ ಸಲ ಬೇಕಾ? ಮನೆಯ ಎಸಿ, ಚಿಮಣಿ ಫಿಲ್ಟರ್ ಕೂಡ ಯಾವಾಗ ನೋಡುತ್ತೀರಿ?

ತೋರಣಗಲ್ಲು ಡೀಸೆಲ್: ನಮ್ಮ ಕಡೆ ಆ 40,000 ಲೆಕ್ಕ ನಡೆಯುವುದಿಲ್ಲ. ಧೂಳಿನ ರಸ್ತೆಯಲ್ಲಿ ಓಡಿಸುವವರು ಬೇಗ ಬದಲಾಯಿಸಿ ಅಂತ ಅದೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ನಂದು ಡೀಸೆಲ್. ಒಂದು ಗ್ಯಾರೇಜಿನವರು ಯಾವುದೋ ಲೋಕಲ್ ಫಿಲ್ಟರ್ ಹಾಕಿದ್ದರು. ಅದರ ರಬ್ಬರ್ ಅಂಚು ಡಬ್ಬಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಮುಚ್ಚಳದ ಒಂದು ಕ್ಲಿಪ್ಪೂ ಮುರಿದಿತ್ತು, ನನಗೆ ಹೇಳಲೇ ಇಲ್ಲ. ಅದಿರು ಲಾರಿಗಳ ಹಿಂದೆ ಓಡಿಸಿ ಓಡಿಸಿ ಕೊನೆಗೆ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನು) ಕೂಗಲು ಶುರುವಾಯಿತು. ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿದರೆ ಕುಂಕುಮದ ಹಾಗೆ ನುಣ್ಣಗಿನ ಕೆಂಪು ಪುಡಿ! ಫಿಲ್ಟರ್ ದಾಟಿದ ಮೇಲಿನ ಪೈಪ್ ಅದು, ಅಲ್ಲಿ ಒಂದು ಚೂರೂ ಧೂಳು ಇರಬಾರದು. ಟರ್ಬೊ ರೆಕ್ಕೆಗಳ ಅಂಚು ಸವೆದು ಹೋಗಿತ್ತು. ಟರ್ಬೊ 38,500, ಗ್ಯಾಸ್ಕೆಟ್ ಕಿಟ್ 2,200, ಆಯಿಲ್ 3,400, ಆ ಗಾಳಿ ತಣಿಸುವ ಇಂಟರ್‌ಕೂಲರ್ ತೊಳೆದದ್ದಕ್ಕೆ 1,500, ಲೇಬರ್ 6,000. ಒಟ್ಟು 51,600 ರೂಪಾಯಿ. ಒರಿಜಿನಲ್ ಫಿಲ್ಟರ್ ಬೆಲೆ 420. ಈಗ ಪ್ರತಿ 10,000ಕ್ಕೆ ಕಣ್ಣು ಮುಚ್ಚಿ ಹೊಸದು ಹಾಕಿಸುತ್ತೇನೆ.

ಸ್ಪ್ಯಾನರ್ ಬೆಂಗಳೂರು: ನಿಮ್ಮ ಟರ್ಬೊ ಹೋದದ್ದು ಫಿಲ್ಟರ್ ಸರಿಯಾಗಿ ಕೂರದೆ, ಹಳೆಯದಾಗಿ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಸುಮ್ನೆ ಎಲ್ಲರನ್ನೂ ಹೆದರಿಸಬೇಡಿ. ನಾನು ಸರ್ವಿಸ್ ಸೆಂಟರ್ ಬಿಟ್ಟು ವರ್ಷಗಳಾದವು. ಕೊನೆಯ ಬಿಲ್ ಇನ್ನೂ ಇಟ್ಟುಕೊಂಡಿದ್ದೇನೆ: ಏರ್ ಫಿಲ್ಟರ್ 610, ಕ್ಯಾಬಿನ್ ಫಿಲ್ಟರ್ (ಕಾರಿನೊಳಗೆ ಬರುವ ಗಾಳಿ ಸೋಸುವುದು) 780, ಅದನ್ನು ಹಾಕಿದ್ದಕ್ಕೆ ಲೇಬರ್ 350, ಎಸಿ ಡಿಸ್‌ಇನ್ಫೆಕ್ಟೆಂಟ್ 950, ಇಂಜಿನ್ ಫ್ಲಶ್ 700. ಕ್ಯಾಬಿನ್ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸ್ ಹಿಂದೆ. ಎರಡು ಬದಿ ಒಳಕ್ಕೆ ಒತ್ತಿ ಬಾಕ್ಸ್ ಇಳಿಸಿ, ಮುಚ್ಚಳ ತೆಗೆದು, ಬಾಣದ ಗುರುತು ನೋಡಿ ಹಾಕಿದರೆ ಮುಗಿಯಿತು. ಅಷ್ಟಕ್ಕೆ 350! ಇನ್ನು ಏರ್ ಫಿಲ್ಟರ್. ಸ್ವಲ್ಪ ಧೂಳು ಹಿಡಿದ ಪೇಪರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಪೂರ್ತಿ ಕಟ್ಟಿಕೊಳ್ಳುವವರೆಗೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ: ಈಗಿನ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಪಿಕಪ್ ಮಾತ್ರ ಇಳಿಯುತ್ತದೆ. ಮೈಲೇಜ್ ಹೆಸರು ಹೇಳಿ ಫಿಲ್ಟರ್ ಮಾರುವವರು ಇದನ್ನು ಹೇಳುವುದೇ ಇಲ್ಲ.

ತೋರಣಗಲ್ಲು ಡೀಸೆಲ್: ಕಾಂಕ್ರೀಟ್ ರಸ್ತೆಯಲ್ಲಿ ಕೂತು ಪ್ರಯೋಗಾಲಯದ ಮಾತಾಡಬೇಡಿ. ಒಂದು ವಾರ ಸಂಡೂರು ರಸ್ತೆಯಲ್ಲಿ ಓಡಿಸಿ, ಆಮೇಲೆ ಬರೆಯಿರಿ. ನಾನು ಮೈಲೇಜ್ ಸುದ್ದಿಯನ್ನೇ ಎತ್ತಿಲ್ಲ.

ಸ್ಪ್ಯಾನರ್ ಬೆಂಗಳೂರು: ಬೆಂಗಳೂರಿನ ರಸ್ತೆ ನೀವು ನೋಡಿಲ್ಲ ಬಿಡಿ. ನಮ್ಮ ಬೀದಿಯಲ್ಲಿ ಮೂರು ಕಡೆ ಬಿಲ್ಡಿಂಗ್ ಕೆಡವುತ್ತಿದ್ದಾರೆ. ನಾನು ತೆಗೆದು ನೋಡಿ ನಿರ್ಧಾರ ಮಾಡುತ್ತೇನೆ, ನೀವು ಕಣ್ಣು ಮುಚ್ಚಿ. ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿ ಮೆಕ್ಯಾನಿಕ್: ಇಬ್ಬರೂ ಆಯಿಲ್ ಫಿಲ್ಟರ್ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಇಂಜಿನ್ ಉಳಿಸುವುದೇ ಅದು. ಆಯಿಲ್ ಬದಲಾಯಿಸಿದಾಗೆಲ್ಲ ಫಿಲ್ಟರ್ ಕೂಡ ಹೊಸದು, ಇದರಲ್ಲಿ ಚರ್ಚೆ ಇಲ್ಲ. ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ ನೇರ ಬೇರಿಂಗ್‌ಗೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ, ಲೈಟ್ ಕೂಡ ಬರುವುದಿಲ್ಲ. ಇನ್ನೂರು ರೂಪಾಯಿ ಉಳಿಸಲು ಹಳೆಯದನ್ನೇ ಬಿಡಿ ಎನ್ನುವ ಗಿರಾಕಿಗಳನ್ನು ನಾನು ವಾಪಸ್ ಕಳಿಸಿದ್ದೇನೆ. ಮೊನ್ನೆ ಒಂದು ಕಾರು ಟೋ ಮಾಡಿಕೊಂಡು ಬಂತು. ಬೇರೆ ಕಡೆ ಫಿಲ್ಟರ್ ಹಾಕುವಾಗ ಹಳೆಯ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿತ್ತು, ಅದರ ಮೇಲೇ ಹೊಸದನ್ನು ತಿರುಗಿಸಿದ್ದಾರೆ. ಹೈವೇಯಲ್ಲಿ ರಿಂಗ್ ಹೊರಗೆ ತಳ್ಳಿ ಆಯಿಲ್ ಪೂರ್ತಿ ಖಾಲಿ. ರಿಂಗ್‌ಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ಸಾಕು. ಇನ್ನೊಂದು ಮಾತು. ಏರ್ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿಯನ್ನು ಧೂಳಿನ ಕಡೆಯಿಂದ ಹೊಡೆಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಧೂಳು ಪೇಪರ್ ಒಳಗೆ ಕೂರುತ್ತದೆ, ಜೋರಾದರೆ ಪೇಪರ್ ಹರಿಯುತ್ತದೆ.

ಮಂಗಳೂರು ಅಡುಗೆಮನೆ: ಕಾರು ಬಿಡಿ, ಚಿಮಣಿ ಕೇಳಿದ್ದಾರಲ್ಲ. ನಮ್ಮದು ದಿನಾ ಮೀನು ಹುರಿಯುವ ಮನೆ. ಮೊದಲು ಜಾಲರಿ ಫಿಲ್ಟರ್ ಇತ್ತು. ವಾರದಲ್ಲೇ ಎಣ್ಣೆ ಜಿಡ್ಡು ಕಟ್ಟಿ ಹನಿ ಹನಿಯಾಗಿ ಒಲೆ ಮೇಲೆ ಬೀಳುತ್ತಿತ್ತು. ಹೊಸ ಜಾಲರಿ ಜೋಡಿಗೆ 1,400, ತೊಳೆಯಲು ಬಂದವರಿಗೆ 900, ಮೋಟರ್ ಜಿಡ್ಡು ಹಿಡಿದಿದೆ ಅಂತ ಮತ್ತೆ 1,800. ಕೊನೆಗೆ ಬ್ಯಾಫಲ್ ಫಿಲ್ಟರ್ ಇರುವ ಚಿಮಣಿಯನ್ನೇ ತಂದೆವು. ಸ್ಟೀಲ್ ತಗಡು, ಬದಲಾಯಿಸುವ ಮಾತೇ ಇಲ್ಲ. ಕುದಿಯುವ ನೀರಿಗೆ ಸೋಡಾ ಪುಡಿ, ಪಾತ್ರೆ ಸೋಪು ಹಾಕಿ ರಾತ್ರಿ ನೆನೆಸಿದರೆ ಬೆಳಿಗ್ಗೆ ಹೊಳೆಯುತ್ತದೆ. ಮನೆಯಲ್ಲಿ ಬೇಡ ಅಂದವರೆಲ್ಲ ಈಗ ಸುಮ್ಮನಿದ್ದಾರೆ.

ಮೈಸೂರು ಮನೆ: ಫಿಲ್ಟರ್‌ಲೆಸ್ ಚಿಮಣಿ ತಗೊಂಡಿದ್ದರೆ ಆ ತೊಳೆಯುವ ಕೆಲಸವೂ ಇರುತ್ತಿರಲಿಲ್ಲ. ನಾವು ಎಣ್ಣೆ ಬಟ್ಟಲು ಮಾತ್ರ ಖಾಲಿ ಮಾಡುತ್ತೇವೆ.

ಮಂಗಳೂರು ಅಡುಗೆಮನೆ: ನಿಮ್ಮ ಮನೆಯಲ್ಲಿ ಇಡ್ಲಿ ಉಪ್ಪಿಟ್ಟು ಮಾಡುತ್ತೀರೋ ಏನೋ. ಫಿಲ್ಟರ್ ಇಲ್ಲ ಅಂದರೆ ಜಿಡ್ಡು ಮಾಯವಾಗುವುದಿಲ್ಲ, ನೇರ ಬ್ಲೋವರ್‌ಗೆ ಹೋಗುತ್ತದೆ. ನನ್ನ ತಂಗಿ ಮನೆಯಲ್ಲಿ ಅದೇ ಆಗಿದೆ.

ಮಿಶಿಗನ್ ಕನ್ನಡಿಗ: ಇಲ್ಲಿ ಚಳಿಗಾಲವಿಡೀ ಮನೆ ಬಿಸಿ ಮಾಡುವ ಫರ್ನೇಸ್ ಓಡುತ್ತದೆ, ಅದಕ್ಕೊಂದು ಏರ್ ಫಿಲ್ಟರ್. ಮಗಳಿಗೆ ಅಲರ್ಜಿ ಅಂತ ಒಂದಿಂಚು ದಪ್ಪದ ಮರ್ವ್ 13 ತಂದು ಹಾಕಿದೆ (ಮರ್ವ್ ಅಂದರೆ ಫಿಲ್ಟರ್ ಎಷ್ಟು ಸೋಸುತ್ತದೆ ಅನ್ನುವ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಸಣ್ಣ ಧೂಳನ್ನೂ ಹಿಡಿಯುತ್ತದೆ). ತುಂಬಾ ದಟ್ಟ, ಹಳೆಯ ಬ್ಲೋವರ್‌ಗೆ ಗಾಳಿ ಎಳೆಯಲು ಆಗದೆ ಫರ್ನೇಸ್ ಬಿಸಿಯಾಗಿ ಆಗಾಗ ತಾನೇ ಆಫ್ ಆಗುತ್ತಿತ್ತು. ಟೆಕ್ನಿಷಿಯನ್ ಬಂದು ನೋಡಿದ್ದಕ್ಕೇ 140 ಡಾಲರ್. ಮರ್ವ್ 8ಕ್ಕೆ ಇಳಿಸಿದೆ, ಮಗಳ ಕೋಣೆಗೆ ಬೇರೆ ಪ್ಯೂರಿಫೈಯರ್ ಇಟ್ಟೆ. ಜಾಸ್ತಿ ಸೋಸುವುದೇ ಒಳ್ಳೆಯದು ಅನ್ನುವವರು ಗಾಳಿ ಹೋಗಲು ದಾರಿ ಇದೆಯಾ ಅಂತಲೂ ನೋಡಬೇಕು.

ತೋರಣಗಲ್ಲು ಡೀಸೆಲ್: ಸಂಡೂರಿನ ಪ್ರಶ್ನೆಗೆ ಮಿಶಿಗನ್ ಫರ್ನೇಸ್ ಯಾಕೆ ಸ್ವಾಮಿ?

ಮಿಶಿಗನ್ ಕನ್ನಡಿಗ: ಮನೆ ಫಿಲ್ಟರ್ ಅಂತ ಕೇಳಿದ್ದರು, ಹೇಳಿದೆ. ನಮ್ಮ ತಂದೆ ಬಳ್ಳಾರಿಯವರೇ, ಕೆಂಪು ಧೂಳು ನನಗೂ ಗೊತ್ತು.

ಹೊಸಪೇಟೆ ಹುಡುಗ: ಇವತ್ತು ಡಬ್ಬಿ ತೆಗೆದು ನೋಡಿದೆ. ಫಿಲ್ಟರ್ ಒಂದು ಬದಿ ಪೂರ್ತಿ ಕೆಂಪು, ಇನ್ನೊಂದು ಬದಿ ಬಿಳಿ. ಆಚೆ ಪೈಪ್ ಒಳಗೆ ಬೆರಳಿಗೆ ಏನೂ ಹತ್ತಲಿಲ್ಲ. ಓಡಿದ್ದು 9,000. ಎಸಿ ಬಗ್ಗೆ ಯಾರೂ ಹೇಳಲಿಲ್ಲ.

ಹುಬ್ಬಳ್ಳಿ ಮೆಕ್ಯಾನಿಕ್: ಹಾಗಾದರೆ ಸೀಲ್ ಚೆನ್ನಾಗಿದೆ. ಆದರೆ ಪೇಪರ್ ಮಡಿಕೆಗಳಲ್ಲಿ ಧೂಳು ತುಂಬಿದ್ದರೆ ಹೊಸದು ಹಾಕಿ, ಗಾಳಿ ಹೊಡೆಸಬೇಡಿ. ಎಸಿ ಜಾಲರಿ ನಾವು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸುತ್ತೇವೆ.

ಸ್ಪ್ಯಾನರ್ ಬೆಂಗಳೂರು: ನೋಡಿ, ತೆಗೆದು ನೋಡಿದ್ದರಿಂದಲೇ ಗೊತ್ತಾಯಿತು.

ತೋರಣಗಲ್ಲು ಡೀಸೆಲ್: 9,000ಕ್ಕೇ ಪೂರ್ತಿ ಕೆಂಪು ಅಂದಿದ್ದಾರೆ, ಅದನ್ನೂ ಓದಿ.