ದಾನದ ದುಡ್ಡಲ್ಲಿ ಕಿಟ್ ಕೊಡೋದು ಬಿಟ್ಟು ಹಕ್ಕೊತ್ತಾಯ ಮಾಡ್ತೀವಿ ಅಂತಿದ್ದಾರೆ, ಇದು ಸರಿನಾ? ಯಾದಗಿರಿ, ಕಲಬುರಗಿ ಕಡೆಯವರು ಹೇಳಿ

ಶಹಾಪುರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯವನು, ಕೆಲಸ ಬೆಂಗಳೂರಲ್ಲಿ. ನಮ್ಮ ಕಡೆ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಚಾರಿಟಿ ಸಂಸ್ಥೆಗೆ ತಿಂಗಳಿಗಿಷ್ಟು ಅಂತ ದುಡ್ಡು ಕಳಿಸುತ್ತೇನೆ. ಹೆಸರು ಬೇಡ, ಅವರ ಮೇಲೆ ದೂರು ಹೇಳೋಕೆ ಇಲ್ಲಿ ಬರೆಯುತ್ತಿಲ್ಲ. ಇಷ್ಟು ದಿನ ಅವರು ಕಳಿಸುತ್ತಿದ್ದ ಫೋಟೋಗಳಲ್ಲಿ ಅಕ್ಕಿ, ಬೇಳೆ, ನೋಟ್‌ಬುಕ್, ಕಂಬಳಿ ಕಾಣುತ್ತಿದ್ದವು. ನೋಡಿ ಸಮಾಧಾನ ಆಗುತ್ತಿತ್ತು.

ಈಗ ಬಂದಿರುವ ಪತ್ರದಲ್ಲಿ ಬೇರೆ ಮಾತಿದೆ. ಇನ್ನು ಮುಂದೆ ದೇಣಿಗೆಯ ದೊಡ್ಡ ಪಾಲು ಅಡ್ವೊಕೆಸಿಗೆ ಹೋಗುತ್ತದಂತೆ. ಅಂದ್ರೆ ರೇಷನ್ ನಿಂತವರ ಪಟ್ಟಿ ಮಾಡಿ ತಹಸೀಲ್ದಾರರ ಹತ್ತಿರ ಹೋಗೋದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋದು, ಗ್ರಾಮಸಭೆಯಲ್ಲಿ ಮಾತಾಡೋಕೆ ಹೆಣ್ಣುಮಕ್ಕಳಿಗೆ ತರಬೇತಿ, ನಮ್ಮ ಭಾಗಕ್ಕೂ ದಕ್ಷಿಣದ ಜಿಲ್ಲೆಗಳಿಗೂ ಇರುವ ಅಂತರದ ಬಗ್ಗೆ ವರದಿ ಬರೆದು ಶಾಸಕರಿಗೆ ಕೊಡೋದು, ಇಂಥವು.

ನನ್ನ ಅನುಮಾನ ಇಷ್ಟೇ. ಮನೆಯಲ್ಲಿ ಹಿಟ್ಟಿಲ್ಲದವರಿಗೆ ವರದಿ ಇಟ್ಟುಕೊಂಡು ಏನು ಮಾಡೋಕಾಗುತ್ತೆ? ನಮ್ಮವ್ವ ಅಂತೂ ನೇರವಾಗಿ ಹೇಳಿದಳು, ಹಸಿದವರಿಗೆ ಮೊದಲು ರೊಟ್ಟಿ ಕೊಡ್ರಿ, ಅರ್ಜಿ ಆಮೇಲೆ ಬರೀರಿ ಅಂತ. ಇನ್ನೊಂದು, ಇದು ರಾಜಕೀಯ ಆಗೋದಿಲ್ವಾ? ಚಾರಿಟಿ ಅಂತ ನೋಂದಣಿ ಆದವರು ಸರ್ಕಾರದ ಮೇಲೆ ಒತ್ತಡ ಹಾಕಬಹುದಾ? ದುಡ್ಡು ಕಳಿಸೋದು ಮುಂದುವರಿಸಲಾ, ಬೇಡವಾ ಅಂತ ಯೋಚನೆಯಲ್ಲಿದ್ದೇನೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಭೀಮಾತೀರ

ನಿಮ್ಮ ಅವ್ವ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ರೊಟ್ಟಿ ಮತ್ತು ಅರ್ಜಿ ಬೇರೆ ಬೇರೆ ಅಂದುಕೊಂಡರೆ ನಮ್ಮ ಜಿಲ್ಲೆಯಲ್ಲೇ ನಡೆದದ್ದು ಅರ್ಥ ಆಗೋದಿಲ್ಲ.

ಶಾಲೆಯ ಬಿಸಿಯೂಟ ತಗೊಳ್ಳಿ. ಗೋದಾಮು ತುಂಬಾ ಧಾನ್ಯ ಇದೆ, ಜನ ಹಸಿದಿದ್ದಾರೆ, ಇದು ಹೇಗೆ ಅಂತ ಕೇಳಿ 2001ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು, ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾಗಿದ್ದು ಈ ಕಡೆಯ ಜಿಲ್ಲೆಗಳಲ್ಲಿ. ಆಗ ಯಾದಗಿರಿ ಇನ್ನೂ ಗುಲ್ಬರ್ಗದೊಳಗೇ ಇತ್ತು. ಯಾವ ಸಂಸ್ಥೆ ಎಷ್ಟು ಕಿಟ್ ಹಂಚಿದರೂ, ಇಷ್ಟು ವರ್ಷ, ಪ್ರತಿ ಶಾಲಾ ದಿನ, ಪ್ರತಿ ಮಗುವಿಗೂ ಊಟ ಹಾಕೋಕಾಗುತ್ತಿತ್ತಾ?

ಮೊಟ್ಟೆಯ ಕಥೆ ಇನ್ನೂ ಹತ್ತಿರದ್ದು. ಮಕ್ಕಳಿಗೆ ಊಟದ ಜೊತೆ ಮೊಟ್ಟೆ ಕೊಡಿ ಅಂತ ಪೌಷ್ಟಿಕತೆ ಬಗ್ಗೆ ಕೆಲಸ ಮಾಡುವವರು, ಡಾಕ್ಟರುಗಳು ವರ್ಷಗಟ್ಟಲೆ ಕೇಳುತ್ತಿದ್ದರು. ಕೆಲವು ಮಠಗಳಿಂದ ವಿರೋಧ ಬಂತು, ಸರ್ಕಾರ ಹಿಂದೆಮುಂದೆ ನೋಡಿತು. ಕೊನೆಗೆ 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದಲ್ಲಿ ಶುರು ಮಾಡಿದರು. ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು. ಆಗಲೂ ನಿಲ್ಲಿಸಬೇಕು ಅಂತ ಗದ್ದಲ ಆದಾಗ, ನಮಗೆ ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಹೇಳಿದ್ದು ಶಾಲೆಯ ಮಕ್ಕಳೇ. ಆಮೇಲೆ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳ ತೂಕ ಜಾಸ್ತಿ ಏರಿತ್ತು. ಆ ಲೆಕ್ಕ ಕೈಯಲ್ಲಿದ್ದ ಮೇಲೆ ವಾದ ಮಾಡೋದು ಸುಲಭವಾಯಿತು, ಯೋಜನೆ ಇಡೀ ರಾಜ್ಯಕ್ಕೆ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಬಂತು.

ಈ ಕೊನೆಯದನ್ನು ಗಮನಿಸಿ. ಅಷ್ಟು ದೊಡ್ಡ ದಾನ ಕೂಡ ಸರ್ಕಾರ ಆಗಲೇ ಹಾಕಿದ್ದ ದಾರಿಯ ಮೇಲೆ ಬಂತು. ಆ ದಾರಿ ಆಗಿದ್ದು ಕೇಳಿ ಕೇಳಿಯೇ. ನಿಮ್ಮ ಸಂಸ್ಥೆ ಅಂಥ ಕೆಲಸಕ್ಕೆ ದುಡ್ಡು ಹಾಕುತ್ತಿದ್ದರೆ ನಾನಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಕಳಿಸುತ್ತಿದ್ದೆ.

ಆಳಂದ ರಸ್ತೆ

ಮೇಲಿನವರು ಗೆದ್ದ ಉದಾಹರಣೆ ಕೊಟ್ಟಿದ್ದಾರೆ. ಒಪ್ಪುತ್ತೇನೆ. ಆದರೆ ನಾನು ಕಂಡಿರುವುದು ಬೇರೆ ಥರದ ಅಡ್ವೊಕೆಸಿ. ಕಲಬುರಗಿಯ ಒಂದು ದೊಡ್ಡ ಹೋಟೆಲ್‌ನಲ್ಲಿ ವಲಸೆ ಕಾರ್ಮಿಕರ ಬಗ್ಗೆ ಕಾರ್ಯಾಗಾರ. ಬೆಂಗಳೂರು, ದಿಲ್ಲಿಯಿಂದ ಬಂದವರು ವೇದಿಕೆ ಮೇಲೆ, ಮಾತೆಲ್ಲ ಇಂಗ್ಲಿಷಿನಲ್ಲಿ, ಹಿಂದಿನ ಸಾಲಿನಲ್ಲಿ ಚಿಂಚೋಳಿ ಕಡೆಯಿಂದ ಕರೆದುಕೊಂಡು ಬಂದಿದ್ದ ಕೆಲವು ಕೂಲಿ ಹೆಣ್ಣುಮಕ್ಕಳು. ಇಡೀ ದಿನದಲ್ಲಿ ಅವರ ಕೈಗೆ ಮೈಕ್ ಬಂದದ್ದು ಊಟಕ್ಕೆ ಮುಂಚೆ ಒಂದು ಸಲ. ಒಬ್ಬಾಕೆ ಎದ್ದು ನಿಂತು, ನಾವು ಪುಣೆಗೆ ಹೋದಾಗ ಮಕ್ಕಳನ್ನ ಎಲ್ಲಿ ಬಿಡೋದು ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ ಅಂತ ಹೇಳಿ ಊಟಕ್ಕೆ ಎದ್ದರು. ನನಗೆ ಅವತ್ತು ತುಂಬಾ ಬೇಜಾರಾಯಿತು. ಆ ಪ್ರಶ್ನೆಗೆ ಉತ್ತರ ಇದೆ. ಅಪ್ಪ ಅಮ್ಮ ದುಡಿಯೋಕೆ ಹೋದ ತಿಂಗಳುಗಳಲ್ಲಿ ಮಕ್ಕಳಿಗೆ ಊರಲ್ಲೇ ಹಂಗಾಮಿ ಹಾಸ್ಟೆಲ್ ನಡೆಸುವ ವ್ಯವಸ್ಥೆ ಸರ್ಕಾರದಲ್ಲೇ ಇದೆ. ನಿಮ್ಮ ಊರಲ್ಲಿ ಯಾಕಿಲ್ಲ ಅಂತ ಅಲ್ಲೇ ಕೂತಿದ್ದ ಅಧಿಕಾರಿಗಳನ್ನ ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಇನ್ನು ಕಿಟ್ ಬಗ್ಗೆ ಸುಮ್ನೆ ಹಗುರವಾಗಿ ಮಾತಾಡಬಾರದು. 2020ರ ಮೇ ತಿಂಗಳು ನೆನಪಿದೆಯಲ್ವಾ? ಮುಂಬೈ, ಪುಣೆಯಿಂದ ನಮ್ಮ ಮಂದಿ ವಾಪಸ್ ಬಂದಾಗ ಯಾದಗಿರಿ, ಕಲಬುರಗಿಯ ಶಾಲೆಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾಗಿದ್ದವು. ಆ ಹೊತ್ತಿಗೆ ಬೇಕಾಗಿದ್ದು ಅನ್ನ, ನೀರು, ಕೂಸುಗಳಿಗೆ ಹಾಲು. ಶರಣಬಸವೇಶ್ವರರ ದಾಸೋಹ ಕಂಡ ಊರಿನವರು ನಾವು. ಕೊಡೋ ಕೈಯನ್ನ ಯಾವ ಸಂಸ್ಥೆಯೂ ಪೂರ್ತಿ ಮಡಚಬಾರದು.

ಅದಕ್ಕೇ ನೀವು ಒಂದು ವಿಷಯ ಕೇಳಿ ತಿಳ್ಕೊಳ್ಳಿ. ಅವರು ಯಾವ ಬೇಡಿಕೆ ಇಟ್ಟುಕೊಂಡು ಹೋಗುತ್ತಾರೆ, ಅದನ್ನ ತೀರ್ಮಾನಿಸಿದ್ದು ಯಾರು? ಹಳ್ಳಿಯವರಾ, ಆಫೀಸಿನವರಾ?

ತಾಂಡಾದಿಂದ

ನಾನು ಸೇಡಂ ತಾಲ್ಲೂಕಿನ ಒಂದು ಲಂಬಾಣಿ ತಾಂಡಾದವಳು. ನಮಗೆ ಕಂಬಳಿ ಕೊಟ್ಟವರು ಬಹಳ ಜನ. ಅವರಿಗೆಲ್ಲ ಕೃತಜ್ಞತೆ ಇದೆ. ಆದರೆ ನಮ್ಮ ಮನೆ ನಮ್ಮದು ಅಂತ ತೋರಿಸೋಕೆ ಒಂದು ಕಾಗದ ಇರಲಿಲ್ಲ. ಅಜ್ಜನ ಕಾಲದಿಂದ ಅಲ್ಲೇ ಇದ್ದೇವೆ, ಆದರೂ ಕಂದಾಯ ದಾಖಲೆಯಲ್ಲಿ ಆ ಜಾಗದಲ್ಲಿ ಊರೇ ಇಲ್ಲ. ಊರೇ ಇಲ್ಲದ ಮೇಲೆ ಮನೆಗೆ ಹಕ್ಕು ಪತ್ರ ಎಲ್ಲಿಂದ ಬರಬೇಕು? ಬ್ಯಾಂಕಿನವರು ಮನೆ ಮೇಲೆ ಸಾಲ ಕೊಡಲ್ಲ. ಸರ್ಕಾರದ ಮನೆ ಕೇಳಿದರೆ ಮೊದಲು ಜಾಗದ ಕಾಗದ ತನ್ನಿ ಅಂತಾರೆ. ನಮ್ಮವ್ವ ಪ್ಲಾಸ್ಟಿಕ್ ಕವರಿನಲ್ಲಿ ಕರೆಂಟ್ ಬಿಲ್, ರೇಷನ್ ಕಾರ್ಡು, ಹಳೆಯ ಮತದಾರರ ಚೀಟಿ ಎಲ್ಲ ಸುತ್ತಿಟ್ಟುಕೊಂಡು ಪ್ರತಿ ಆಫೀಸಿಗೂ ತೆಗೆದುಕೊಂಡು ಹೋಗುತ್ತಿದ್ದಳು. ಯಾವುದೂ ಸಾಕಾಗುತ್ತಿರಲಿಲ್ಲ.

ತಾಂಡಾ, ಹಟ್ಟಿಗಳನ್ನ ಕಂದಾಯ ಗ್ರಾಮ ಮಾಡಿ ಅಂತ ನಮ್ಮ ಸಮಾಜದವರು, ಸಂಘಟನೆಗಳು ದಶಕಗಳಿಂದ ಕೇಳಿದ್ದಾರೆ. ಮನವಿ ಕೊಟ್ಟರು, ಧರಣಿ ಕೂತರು, ಮನೆ ಮನೆ ಅಳತೆ ಮಾಡಿಸಿ ಪಟ್ಟಿ ಮಾಡಿದರು. ಕೊನೆಗೆ ಕಾನೂನು ತಿದ್ದುಪಡಿ ಆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಐದು ಜಿಲ್ಲೆಗಳಲ್ಲಿ ದಾಖಲೆಯಲ್ಲಿ ಇಲ್ಲದ ಸುಮಾರು 1,475 ಜನವಸತಿಗಳು ಹೊಸ ಕಂದಾಯ ಗ್ರಾಮ ಆದವು. 2023ರ ಜನವರಿ 19ರಂದು ನಮ್ಮ ತಾಲ್ಲೂಕಿನ ಮಳಖೇಡದಲ್ಲೇ 50,000ಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕು ಪತ್ರ ಕೊಡುವ ಕಾರ್ಯಕ್ರಮ ಆಯಿತು, ಪ್ರಧಾನಿ ಬಂದಿದ್ದರು. ಆ ದಿನ ಕೊಟ್ಟವರ ಫೋಟೋ ಪೇಪರಿನಲ್ಲಿ ಬಂತು. ಅಷ್ಟು ವರ್ಷ ಓಡಾಡಿದವರ ಫೋಟೋ ಬರಲಿಲ್ಲ. ಅಡ್ವೊಕೆಸಿ ಅಂದ್ರೆ ದಾನಿಗಳಿಗೆ ಕಾಣಿಸಲ್ಲ, ಯಾಕಂದ್ರೆ ಫೋಟೋ ತೆಗೆಯುವಂಥದ್ದು ಅದರಲ್ಲಿ ಜಾಸ್ತಿ ಇರಲ್ಲ.

ಆಳಂದ ರಸ್ತೆಯವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮನ್ನ ಹಿಂದಿನ ಸಾಲಲ್ಲಿ ಕೂರಿಸುವವರಿಗೆ ದುಡ್ಡು ಕೊಡಬೇಡಿ.

ಲೆಕ್ಕಪತ್ರ

ರಾಜಕೀಯ ಆಗೋದಿಲ್ವಾ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ಸಂಸ್ಥೆಗಳ ಲೆಕ್ಕ ನೋಡೋದೇ ನನ್ನ ಕೆಲಸ.

ಸರ್ಕಾರಕ್ಕೆ ಮನವಿ ಕೊಡೋದು, ಕಾನೂನು ಬದಲಿಸಿ ಅಂತ ಕೇಳೋದು, ಮಾಹಿತಿ ಹಕ್ಕು ಬಳಸೋದು ಇದ್ಯಾವುದೂ ಚಾರಿಟಿಗೆ ನಿಷೇಧ ಅಲ್ಲ. ಪಕ್ಷಕ್ಕೆ, ಚುನಾವಣೆಗೆ ನಿಂತವರಿಗೆ ಆ ದುಡ್ಡು ಹೋಗಬಾರದು. ವಿದೇಶದ ಹಣ ತಗೊಳ್ಳುವವರಿಗೆ ಕಟ್ಟುಪಾಡು ಜಾಸ್ತಿ. 2010ರ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಪ್ರಕಾರ ರಾಜಕೀಯ ಸ್ವರೂಪದ ಸಂಘಟನೆಗೆ ಆ ಹಣ ಸಿಗೋದಿಲ್ಲ. ಬಂದ್, ಹರತಾಳ, ರಸ್ತೆ ತಡೆ ಮಾಡಿದವರನ್ನೆಲ್ಲ ಆ ಪಟ್ಟಿಗೆ ಸೇರಿಸಬಹುದಾ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜಕೀಯ ಗುರಿ ಇಲ್ಲದೆ ಜನರ ಪರವಾಗಿ ಹೀಗೆ ಪ್ರತಿಭಟಿಸಿದರೆ ಅಷ್ಟಕ್ಕೇ ಹಣ ತಡೆಯೋ ಹಾಗಿಲ್ಲ ಅಂತ 2020ರ ಮಾರ್ಚ್‌ನಲ್ಲಿ ತೀರ್ಪು ಬಂತು.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ವಿದೇಶದಿಂದ ಬಂದ ಹಣವನ್ನ ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡೋ ಹಾಗಿಲ್ಲ, ಆಡಳಿತ ಖರ್ಚಿನ ಮಿತಿ 50%ರಿಂದ 20%ಕ್ಕೆ ಇಳಿಯಿತು. ದೊಡ್ಡ ನಗರದ ಸಂಸ್ಥೆಯಿಂದ ಹಣ ಪಡೆದು ತಾಲ್ಲೂಕು ಮಟ್ಟದಲ್ಲಿ ಓಡಾಡುತ್ತಿದ್ದ ಸಣ್ಣವರಿಗೆ ಇದರಿಂದ ಬಹಳ ಪೆಟ್ಟು ಬಿದ್ದಿದೆ. ನಿಮ್ಮಂಥ ಊರಿನವರ ತಿಂಗಳ ದೇಣಿಗೆ ಈಗ ಜಾಸ್ತಿ ಬೇಕಾಗಿರುವುದು ಅದಕ್ಕೇ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆ ಇರುವ ಸಂಸ್ಥೆ ಅಡ್ವೊಕೆಸಿ ಮಾಡಿತು ಅಂತ ನಿಮ್ಮ ತೆರಿಗೆ ರಿಯಾಯಿತಿ ಹೋಗೋದಿಲ್ಲ. ನಗದು ಕೊಟ್ಟರೆ ಮಾತ್ರ 2,000 ರೂಪಾಯಿ ಮೇಲೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಬೀದರ್ ಅಕ್ಕ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ.

ಶಹಾಬಾದ್ ಕಡೆ ಕಲ್ಲು ಗಣಿಯಲ್ಲಿ ದುಡಿದವರ ಬೆರಳು ನೋಡಿದ್ದೀರಾ? ಗೆರೆಗಳೇ ಸವೆದು ಹೋಗಿರುತ್ತವೆ. ರೇಷನ್ ಅಂಗಡಿಯ ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತುತ್ತಾರೆ, ಇನ್ನೊಂದು ಬೆರಳು ಇಡುತ್ತಾರೆ, ಮೆಷಿನ್ ಒಪ್ಪಲ್ಲ. ನಾಳೆ ಬಾ ಅಂತಾರೆ. ನಾಳೆಯ ಕೂಲಿಯೂ ಹೋಯಿತು. ಅಂಥ ಅಜ್ಜಿಗೆ ಒಂದು ಕಿಟ್ ಕೊಟ್ಟರೆ ಹದಿನೈದು ದಿನ ನಡೆಯುತ್ತದೆ, ಕೊಡಲೇಬೇಕು. ಆದರೆ ಬೆರಳಚ್ಚು ಹೊಂದಲಿಲ್ಲ ಅಂತ ರೇಷನ್ ನಿರಾಕರಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಪತ್ರದ ಪ್ರತಿ ಹಿಡಿದು ಅಂಗಡಿ ಮುಂದೆ ಅಜ್ಜಿಯ ಜೊತೆ ಒಬ್ಬರು ನಿಂತರೆ ಅವಳಿಗೆ ತಿಂಗಳು ತಿಂಗಳೂ ಅಕ್ಕಿ ಬರುತ್ತದೆ. ಹಿಂದೆ ನಿಂತ ಬೇರೆಯವರಿಗೂ ಬರುತ್ತದೆ.

ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಜೊತೆಗಾರರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಮಾಡಿದ್ದೂ ಇಂಥದ್ದೇ. ಕೂಲಿ ಲೆಕ್ಕದ ಪುಸ್ತಕವನ್ನ ಊರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಲ್ಲೂ ಕೂಲಿ ಹೋಗಿದ್ದು ಬಯಲಿಗೆ ಬಂತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು, ಹಳ್ಳಿಯವರು ಮನೆಯಿಂದ ಧಾನ್ಯ ತಂದುಕೊಟ್ಟು ಅದನ್ನ ನಡೆಸಿದರು. ಅಲ್ಲಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯ್ದೆ ತಂದಿದ್ದು.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಕೂಡ ಹಾಗೇ ಅಲ್ವಾ? ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದಕ್ಕೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಪಾಸಾಯಿತು. ಈ ಭಾಗದ ಕಾಲೇಜುಗಳಲ್ಲಿ 70% ಸೀಟು, ಹೊರಗಿನ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ 8% ನಮ್ಮ ಮಕ್ಕಳಿಗೆ ಸಿಗುತ್ತಿದೆ. ಇದನ್ನ ಓದುತ್ತಿರುವವರಲ್ಲೂ ಆ ಸೀಟಿನಲ್ಲಿ ಓದಿದವರು ಇರಬಹುದು. ಆದರೂ 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಕಡಿಮೆ ಸಾಕ್ಷರತೆ ಯಾದಗಿರಿಯದು, 51.83%. ಕೇಳಬೇಕಾಗಿದ್ದು ಇನ್ನೂ ಬಹಳ ಇದೆ.

ಶಹಾಪುರದವ

ಎಲ್ಲರಿಗೂ ಮನಸಾರೆ ಧನ್ಯವಾದ. ಅಕ್ಕ, ನಾನು ಡಿಗ್ರಿ ಓದಿದ್ದು 371(ಜೆ) ಸೀಟಿನಲ್ಲೇ. ದುಡ್ಡು ಕಳಿಸೋದು ನಿಲ್ಲಿಸಲ್ಲ. ಸಂಸ್ಥೆಗೆ ಪತ್ರ ಬರೆದು ಕೇಳುತ್ತೇನೆ: ಬೇಡಿಕೆ ತೀರ್ಮಾನಿಸಿದ್ದು ಯಾರು, ಕಷ್ಟದ ಹೊತ್ತಿಗೆ ಕಿಟ್‌ಗೆ ಎಷ್ಟು ತೆಗೆದಿಟ್ಟಿದ್ದೀರಿ, ಹೋದ ವರ್ಷ ಯಾವ ಊರಲ್ಲಿ ಏನು ಬದಲಾಯಿತು. ಒಂದು ಸಲ ಊರಿಗೆ ಬಂದಾಗ ಅವರ ಕೆಲಸ ಕಣ್ಣಾರೆ ನೋಡಬೇಕು ಅಂತಿದೆ. ಯಾವಾಗ ಬಂದರೆ ಒಳ್ಳೆಯದು?

ಭೀಮಾತೀರ

ಅವರು ಕೆಲಸ ಮಾಡುವ ಊರಿನ ಗ್ರಾಮಸಭೆಯ ದಿನ ಬನ್ನಿ. ಆರು ತಿಂಗಳಿಗೆ ಒಂದಾದರೂ ನಡೆಯಬೇಕು, ತಾರೀಖು ಪಂಚಾಯಿತಿಗೆ ಫೋನ್ ಮಾಡಿದರೆ ಹೇಳುತ್ತಾರೆ. ಕೋರಂಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಹಿಂದೆ ಕೂತು ನೋಡಿ, ಎದ್ದು ಮಾತಾಡುವವರು ಸಂಸ್ಥೆಯ ಸಿಬ್ಬಂದಿಯಾ ಅಥವಾ ಊರಿನ ಹೆಣ್ಣುಮಕ್ಕಳಾ ಅಂತ. ಅವ್ವನನ್ನೂ ಕರ್ಕೊಂಡು ಬನ್ನಿ.